ನಲವತ್ತು ಗಂಟೆಯ ತರಬೇತಿಗೆ ದುಡ್ಡು ಕಟ್ಟುವ ಮುನ್ನ

ಪ್ರಶ್ನೆ: ನನಗೆ 25 ವರ್ಷ, ದಾವಣಗೆರೆಯವಳು. ಮನೋವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಹದಿನಾಲ್ಕು ತಿಂಗಳಿನಿಂದ ಬೆಂಗಳೂರಿನ ಒಂದು ಥೆರಪಿ ಸೆಂಟರಿನಲ್ಲಿ ಆಟಿಸಂ ಇರುವ ಮಕ್ಕಳಿಗೆ ಎಬಿಎ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್, ವರ್ತನೆಯ ಕಾರಣ ನೋಡಿ ಬಹುಮಾನದ ಮೂಲಕ ಕಲಿಸುವ ಪದ್ಧತಿ) ಥೆರಪಿಸ್ಟ್ ಆಗಿದ್ದೇನೆ. ಸಂಬಳ 17 ಸಾವಿರ, ದಿನಕ್ಕೆ ಆರು ಸೆಷನ್. ಹೊರದೇಶದ ಒಂದು ಪ್ರಮಾಣಪತ್ರಕ್ಕೆ ಬೇಕಾದ ನಲವತ್ತು ಗಂಟೆಯ ಆನ್‌ಲೈನ್ ತರಬೇತಿ ಮುಗಿಸಿದರೆ ‘ಬಿಹೇವಿಯರ್ ಅನಲಿಸ್ಟ್’ ಎಂದು ಬೋರ್ಡಿನಲ್ಲಿ ಹೆಸರು ಹಾಕುತ್ತೇವೆ ಎನ್ನುತ್ತಾರೆ ಸೆಂಟರಿನವರು. ಶುಲ್ಕ ನಾನೇ ಕಟ್ಟಬೇಕು. ರಿಯಾಯಿತಿ ಈ ತಿಂಗಳ ಕೊನೆಯವರೆಗೆ ಮಾತ್ರವಂತೆ. ಅಪ್ಪ ‘ಇದೆಲ್ಲ ಬಿಟ್ಟು ಬಿ.ಎಡ್. ಮಾಡು’ ಎನ್ನುತ್ತಾರೆ. ಮದುವೆಯ ಮಾತೂ ನಡೆಯುತ್ತಿದೆ, ಹುಡುಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಅಲ್ಲಿ ಈ ಕೆಲಸಕ್ಕೆ ಬಹಳ ಬೇಡಿಕೆ ಇದೆಯಂತೆ. ಈ ನಡುವೆ ಎಬಿಎ ಎಂದರೆ ಮಕ್ಕಳನ್ನು ನಾಯಿಯಂತೆ ಪಳಗಿಸುವುದು ಎಂದು ಆಟಿಸಂ ಇರುವ ವಯಸ್ಕರೇ ಬರೆದದ್ದನ್ನು ಓದಿ ನಿದ್ದೆ ಬರಲಿಲ್ಲ. ನಾನು ಮಾಡುತ್ತಿರುವುದು ತಪ್ಪೇ? ಈ ವೃತ್ತಿಗೆ ಭವಿಷ್ಯವಿದೆಯೇ? ನನ್ನ ಅಕ್ಕನ ಮಗನಿಗೆ ಮೂರೂವರೆ ವರ್ಷ, ಅವನಿಗೂ ಆಟಿಸಂ ಎಂದು ಹೋದ ತಿಂಗಳು ಗೊತ್ತಾಯಿತು. ಅವನ ಸಲುವಾಗಿಯಾದರೂ ಕಲಿಯಬೇಕೆಂದಿದೆ.

ಉತ್ತರ: ನಿಮ್ಮ ಪತ್ರದಲ್ಲಿ ಸಂಬಳ, ಬೋರ್ಡು, ಬಿ.ಎಡ್., ಡಲ್ಲಾಸ್ ಎಲ್ಲವೂ ಇವೆ. ಆದರೆ ಪತ್ರ ಬರೆಸಿದ್ದು ಕೊನೆಯ ಎರಡು ಸಾಲು ಎಂದು ನನಗನಿಸುತ್ತದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಈ ತಿಂಗಳ ಕೊನೆಯೊಳಗೆ ತೀರ್ಮಾನವಾಗಬೇಕಾದದ್ದು ಬೋರ್ಡಿನ ವಿಷಯ, ಆದ್ದರಿಂದ ಮೊದಲು ಅದು.

ನಲವತ್ತು ಗಂಟೆಯ ತರಬೇತಿಯಿಂದ ಯಾರೂ ಬಿಹೇವಿಯರ್ ಅನಲಿಸ್ಟ್, ಅಂದರೆ ವರ್ತನಾ ವಿಶ್ಲೇಷಕರಾಗುವುದಿಲ್ಲ. ಆ ತರಬೇತಿ ಇರುವುದು ಟೆಕ್ನಿಷಿಯನ್ ಹಂತಕ್ಕೆ. ಬೇರೊಬ್ಬರು ಬರೆದ ಯೋಜನೆಯನ್ನು ಅವರ ಮೇಲ್ವಿಚಾರಣೆಯಲ್ಲಿ ಮಗುವಿನ ಜೊತೆ ಕೂತು ನಡೆಸುವವರಿಗೆ ಅದು ಬೇಕು, ಉಪಯುಕ್ತವೂ ಹೌದು. ಯೋಜನೆ ಬರೆಯುವವರು ವಿಶ್ಲೇಷಕರು. ಅದಕ್ಕೆ ಸ್ನಾತಕೋತ್ತರ ಮಟ್ಟದ ಓದು, ಸಾವಿರ ಗಂಟೆಗಳ ಲೆಕ್ಕದಲ್ಲಿ ಮೇಲ್ವಿಚಾರಣೆಯ ಕೆಲಸ, ಪರೀಕ್ಷೆ ಎಲ್ಲ ಬೇಕು. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದನ್ನು ಚೆನ್ನಾಗಿ ಕಲಿತವರಿಗೆ ಸರ್ಜನ್ ಎಂದು ಬೋರ್ಡು ಹಾಕಿಕೊಟ್ಟರೆ ಹೇಗೋ ಇದೂ ಹಾಗೆಯೇ. ನಾಳೆ ಮಗುವಿಗೆ ಏನಾದರೂ ಹೆಚ್ಚುಕಡಿಮೆಯಾದಾಗ ತಂದೆತಾಯಿ ಕೈತೋರಿಸುವುದು ಬೋರ್ಡಿನಲ್ಲಿರುವ ನಿಮ್ಮ ಹೆಸರನ್ನು, ಬೋರ್ಡು ಹಾಕಿಸಿದವರನ್ನಲ್ಲ.

ಇವೆರಡರ ನಡುವಿನ ವ್ಯತ್ಯಾಸ ನನಗೆ ಅರ್ಥವಾದದ್ದು ಓದಿನಿಂದಲ್ಲ, ಒಬ್ಬ ಅಜ್ಜಿಯಿಂದ. ನಾನು ಈ ಕೆಲಸಕ್ಕೆ ಬಂದ ಹೊಸತು. ತುಮಕೂರಿನ ಕಡೆಯಿಂದ ಐದು ವರ್ಷದ ಒಬ್ಬ ಹುಡುಗನನ್ನು ಕರೆತರುತ್ತಿದ್ದರು. ಮಾತಿರಲಿಲ್ಲ. ಊಟಕ್ಕೆ ಕೂರಿಸಿದರೆ ಬಲಗೆನ್ನೆಗೆ ತಾನೇ ಮುಷ್ಟಿ ಕಟ್ಟಿ ಗುದ್ದಿಕೊಳ್ಳುತ್ತಿದ್ದ, ಕೆನ್ನೆ ಕೆಂಪಾಗುವಷ್ಟು. ನಮ್ಮ ಪದ್ಧತಿಯಂತೆ ಮೂರು ಅಂಕಣದ ಶೀಟು ತುಂಬಿಸಿದೆ. ಮುಂಚೆ ಏನಿತ್ತು: ಊಟ. ಏನು ಮಾಡಿದ: ಗುದ್ದಿಕೊಂಡ. ಆಮೇಲೆ ಏನಾಯಿತು: ಅಮ್ಮ ತಟ್ಟೆ ತೆಗೆದು ಎತ್ತಿಕೊಂಡಳು. ಹತ್ತು ದಿನದ ಶೀಟು ನೋಡಿ, ಊಟ ತಪ್ಪಿಸಿಕೊಳ್ಳಲು ಹೀಗೆ ಮಾಡುತ್ತಾನೆ ಎಂದು ತೀರ್ಮಾನಿಸಿದೆ. ಗುದ್ದಿಕೊಂಡ ತಕ್ಷಣ ತಟ್ಟೆ ತೆಗೆಯಬೇಡಿ, ‘ಸಾಕು’ ಎನ್ನುವ ಚಿತ್ರದ ಕಾರ್ಡು ಕೊಡುವುದನ್ನು ಕಲಿಸೋಣ ಎಂದು ಯೋಜನೆ ಬರೆದೆ. ಪುಸ್ತಕದ ಪ್ರಕಾರ ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಎರಡು ವಾರವಾದರೂ ಎಷ್ಟು ಸಲ ಗುದ್ದಿಕೊಂಡ ಎಂಬುದರ ಗ್ರಾಫು ಇಳಿಯಲಿಲ್ಲ.

ಒಂದು ದಿನ ಹುಡುಗನ ಅಜ್ಜಿ ಜೊತೆಗೆ ಬಂದಿದ್ದರು. ಮೂಲೆಯಲ್ಲಿ ಕೂತು ನೋಡುತ್ತಿದ್ದವರು, ‘ಬೆಚ್ಚಗಿನ ಮುದ್ದೆ ತಿನ್ನುವಾಗ ಹೊಡೆದುಕೊಳ್ಳುವುದಿಲ್ಲವಲ್ಲ, ತಣ್ಣಗಿನ ಮೊಸರನ್ನ ಬಾಯಿಗೆ ಹೋದಾಗ ಮಾತ್ರ’ ಎಂದರು. ಅಂದು ಸಂಜೆ ಮನೆಯಲ್ಲಿ ಟಾರ್ಚು ಹಿಡಿದು ಅವನ ಬಾಯಿ ತೆರೆಸಿದವರೂ ಅವರೇ. ಬಲಗಡೆಯ ದವಡೆ ಹಲ್ಲು ಹುಳುಕು ಹಿಡಿದು ತೂತಾಗಿತ್ತು. ದಂತವೈದ್ಯರ ಬಳಿ ಹೋಗಿ ಬಂದ ವಾರದೊಳಗೆ ಗುದ್ದಿಕೊಳ್ಳುವುದು ನಿಂತಿತು. ನೋವಿನಲ್ಲಿರುವ ಮಗುವಿಗೆ ಎರಡು ವಾರ ತಟ್ಟೆ ತೆಗೆಯದೆ ಕೂರಿಸಿದ್ದೆ ಎಂಬುದು ನನಗೆ ಇವತ್ತಿಗೂ ಚುಚ್ಚುತ್ತದೆ. ಶೀಟಿನಲ್ಲಿ ‘ಊಟ’ ಎಂದು ಬರೆದಿದ್ದೆ. ತಟ್ಟೆಯಲ್ಲಿ ಏನಿತ್ತು ಎಂದು ಬರೆದಿರಲಿಲ್ಲ.

ಯೋಜನೆ ನಡೆಸುವುದು ಕೈಚಳಕದ ಕೆಲಸ. ಈ ಮಗು ಹೀಗೇಕೆ ಮಾಡುತ್ತಿದೆ ಎಂದು ಪತ್ತೆ ಹಚ್ಚುವುದು ಬೇರೆಯೇ ಕಸುಬು. ಗಮನ ಸೆಳೆಯಲು, ಒಲ್ಲದ್ದನ್ನು ತಪ್ಪಿಸಿಕೊಳ್ಳಲು, ಬೇಕಾದ ವಸ್ತು ಪಡೆಯಲು, ಅಥವಾ ಮೈಗೆ ಅದರಿಂದ ಏನೋ ಹಿತವೆನಿಸಿ ಎಂದು ನಾಲ್ಕು ಕಾರಣಗಳನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ನಾಲ್ಕಕ್ಕೂ ಮೊದಲು ನೋವು, ಹೊಟ್ಟೆ, ಕಿವಿ, ನಿದ್ದೆ ನೋಡಬೇಕು. ಇದ್ದಕ್ಕಿದ್ದಂತೆ ಶುರುವಾದ ವರ್ತನೆಯಾದರಂತೂ ಮೊದಲು ವೈದ್ಯರು, ಆಮೇಲೆ ನಾವು. ನಿಮ್ಮ ಸೆಂಟರಿನಲ್ಲಿ ಈ ಕ್ರಮ ಇದೆಯೇ ಎಂದು ಯೋಚಿಸಿ ನೋಡಿ.

ಇನ್ನು ನಿಮ್ಮ ನಿದ್ದೆ ಕೆಡಿಸಿದ ಆರೋಪ. ಅದರಲ್ಲಿ ಸುಳ್ಳಿಗಿಂತ ನಿಜವೇ ಹೆಚ್ಚಿದೆ, ಆದ್ದರಿಂದ ತಳ್ಳಿಹಾಕಬೇಡಿ. ಈ ವಿದ್ಯೆಯ ಬೇರು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಪ್ರಯೋಗಾಲಯದಲ್ಲಿದೆ, ಇಲಿ ಮತ್ತು ಪಾರಿವಾಳಗಳ ಜೊತೆ. ಅದನ್ನು ಆಟಿಸಂ ಇರುವ ಮಗುವಿನ ಮೇಲೆ ಬಳಸಿದ ಮೊದಮೊದಲ ವರದಿಗಳಲ್ಲಿ ಒಂದು 1964ರದು. ಅಮೆರಿಕದ ವುಲ್ಫ್, ರಿಸ್ಲಿ ಮತ್ತು ಮೀಸ್ ಬರೆದದ್ದು. ಡಿಕಿ ಎಂಬ ಹೆಸರಿನಲ್ಲಿ ಕರೆದಿರುವ ಮೂರೂವರೆ ವರ್ಷದ ಹುಡುಗ, ನಿಮ್ಮ ಅಕ್ಕನ ಮಗನದೇ ವಯಸ್ಸು. ಕಣ್ಣಿನ ಪೊರೆಗಾಗಿ ಮಸೂರಗಳನ್ನೇ ತೆಗೆದಿದ್ದರು. ಕನ್ನಡಕ ಹಾಕದಿದ್ದರೆ ದೃಷ್ಟಿ ಹೋಗುತ್ತಿತ್ತು, ಅವನೋ ಕನ್ನಡಕ ಮುಟ್ಟಗೊಡುತ್ತಿರಲಿಲ್ಲ. ಅವರು ಗಾಜಿಲ್ಲದ ಚೌಕಟ್ಟುಗಳನ್ನು ಕೋಣೆಯಲ್ಲಿ ಅಲ್ಲಲ್ಲಿ ಇಟ್ಟರು. ಕೈಗೆತ್ತಿಕೊಂಡರೆ ತಿನ್ನಲು ಒಂದು ಚೂರು, ಹಿಡಿದುಕೊಂಡು ಓಡಾಡಿದರೆ ಒಂದು ಚೂರು, ಕಣ್ಣಿನ ಹತ್ತಿರ ತಂದರೆ ಇನ್ನೊಂದು. ಹೀಗೆ ಇಂಚು ಇಂಚಾಗಿ ಹೋಗಿ ಕೊನೆಗೆ ಅವನು ಕನ್ನಡಕ ಹಾಕಿಕೊಂಡ. ಓದಿದರೆ ಇಂದಿಗೂ ಮೆಚ್ಚುಗೆ ಹುಟ್ಟುತ್ತದೆ. ಅದೇ ವರದಿಯ ಇನ್ನೊಂದು ಭಾಗ ಓದಿದರೆ ಮನಸ್ಸು ಹಿಂಡುತ್ತದೆ: ಮಿಠಾಯಿಗೆ ಹುಡುಗ ಒಲಿಯದಿದ್ದಾಗ ಅವನ ಬೆಳಗಿನ ತಿಂಡಿಯನ್ನೇ ಚೂರುಚೂರಾಗಿ ಬಹುಮಾನ ಮಾಡಿದರು, ರಂಪ ಮಾಡಿದರೆ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟರು.

ಈ ಕ್ಷೇತ್ರದ ಕಥೆ ಇಡೀ ಹೀಗೆಯೇ. ಜಾಣತನ ಮತ್ತು ಕಾಠಿಣ್ಯ ಒಂದೇ ಮನೆಯಲ್ಲಿ ಬೆಳೆದವು. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಐವಾರ್ ಲೋವಾಸ್ ಅವರ ಆರಂಭದ ಕೆಲಸದಲ್ಲಿ ಗದರಿಕೆ, ಏಟು, ವಿದ್ಯುತ್ ಆಘಾತ ಕೂಡ ಇತ್ತು. ವರ್ತನಾ ವಿಶ್ಲೇಷಕರ ಅಂತರರಾಷ್ಟ್ರೀಯ ಸಂಘವು ವಿದ್ಯುತ್ ಆಘಾತವನ್ನು ಯಾವ ಸಂದರ್ಭದಲ್ಲೂ ಬಳಸಬಾರದು ಎಂದು ಸ್ಪಷ್ಟ ನಿಲುವು ತೆಗೆದುಕೊಂಡದ್ದು 2022ರಲ್ಲಿ. ಅಷ್ಟು ತಡವಾಯಿತು. ಹಾಗಿರುವಾಗ ಆಟಿಸಂ ಇರುವ ವಯಸ್ಕರು ಸಿಟ್ಟಿನಿಂದ ಬರೆದರೆ ಅವರನ್ನು ತಪ್ಪೆನ್ನಲು ನಮಗೆ ಬಾಯಿಲ್ಲ. ಏಟು ಹೋದ ಮೇಲೂ ಉಳಿದುಕೊಂಡ ಚಾಳಿಗಳಿವೆ: ಕೈ ಬೀಸುವ ಮಗುವಿನ ಕೈ ಹಿಡಿದು ಮಡಿಲಲ್ಲಿ ಇಡಿಸುವುದು, ಅಳುತ್ತಿದ್ದರೂ ‘ನನ್ನ ಕಣ್ಣು ನೋಡು’ ಎಂದು ಗದ್ದ ಹಿಡಿದು ತಿರುಗಿಸುವುದು, ‘ಸುಮ್ಮನೆ ಕೂರುವುದು’ ಎಂಬುದನ್ನೇ ಗುರಿಯೆಂದು ಬರೆಯುವುದು. ಕೈ ಬೀಸುವುದರಿಂದ ಯಾರಿಗೂ ತೊಂದರೆಯಿಲ್ಲ. ಅದನ್ನು ನಿಲ್ಲಿಸುವುದು ನೆಂಟರ ಮುಂದೆ ತಂದೆತಾಯಿಗೆ ಆಗುವ ಮುಜುಗರಕ್ಕೆ ಔಷಧಿ, ಮಗುವಿಗಲ್ಲ.

ಹಾಗಾದರೆ ನೀವು ಮಾಡುತ್ತಿರುವುದು ತಪ್ಪೇ? ಅದು ನಿಮ್ಮ ಸೆಂಟರಿನ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದರ ಮೇಲಿದೆ. ನಾನು ಯಾವ ಸೆಂಟರಿಗೆ ಹೋದರೂ ಮೊದಲು ಗಮನಿಸುವುದು ಒಂದನ್ನು: ಇಲ್ಲಿ ಮಗು ‘ಬೇಡ’ ಎನ್ನಬಹುದೇ? ಮಾತಿನಲ್ಲಿಯೋ, ಕಾರ್ಡಿನಲ್ಲಿಯೋ, ಕೈಸನ್ನೆಯಲ್ಲಿಯೋ ಬೇಡ ಎಂದರೆ ಅದಕ್ಕೆ ಬೆಲೆ ಇದೆಯೇ? ಇಲ್ಲದಿದ್ದರೆ ಅಲ್ಲಿ ನಡೆಯುತ್ತಿರುವುದು ಪಳಗಿಸುವಿಕೆಯೇ. ಒಳ್ಳೆಯ ಕಡೆ ಮಗುವಿಗೆ ಮೊದಲು ಕಲಿಸುವುದು ಕೇಳುವುದನ್ನು: ನೀರು, ಬಾಗಿಲು, ಅಮ್ಮ, ಸಾಕು, ಬೇಡ. ಇಂದಿನ ಎಬಿಎಯಲ್ಲಿ ಆಟದ ನಡುವೆ, ಮಗುವಿನ ಇಷ್ಟದ ಬೆನ್ನು ಹಿಡಿದು ಕಲಿಸುವ ಕವಲುಗಳು ಗಟ್ಟಿಯಾಗಿ ಬೆಳೆದಿವೆ. ಮೇಜಿನ ಮುಂದೆ ಕೂರಿಸಿ ನೂರು ಸಲ ‘ಕೆಂಪು ತೋರಿಸು’ ಎನ್ನುವುದೊಂದೇ ಎಬಿಎ ಎಂದು ನಿಮಗೆ ಕಲಿಸಿದ್ದರೆ, ನಿಮಗೆ ಕಲಿಸಿದವರು ಹಳೆಯ ಪಾಠದಲ್ಲೇ ನಿಂತಿದ್ದಾರೆ.

ಈಗ ಅಕ್ಕನ ಮಗ. ‘ಅವನ ಸಲುವಾಗಿಯಾದರೂ’ ಎಂದು ಬರೆದಿದ್ದೀರಿ. ಅದರೊಳಗೆ ‘ಗುಣಪಡಿಸಬಲ್ಲೆನೇ’ ಎಂಬ ಪ್ರಶ್ನೆ ಇದ್ದರೆ, ಆಟಿಸಂ ಗುಣವಾಗುವ ಕಾಯಿಲೆಯಲ್ಲ. 1987ರಲ್ಲಿ ಲೋವಾಸ್ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ ನಲವತ್ತು ಗಂಟೆ ಥೆರಪಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಮೊದಲ ತರಗತಿಯನ್ನು ದಾಟಿದರು, ಬುದ್ಧಿಮಾಪನವೂ ಸಾಮಾನ್ಯ ಮಟ್ಟದಲ್ಲಿತ್ತು ಎಂದಿದೆ. ಆ ಒಂಬತ್ತನ್ನು ಹಿಡಿದುಕೊಂಡು ‘ಶೇ. 47 ಗುಣ’ ಎಂದು ಕರಪತ್ರ ಹಂಚುವವರು ಈಗಲೂ ಇದ್ದಾರೆ. ಆ ಅಧ್ಯಯನದಲ್ಲಿ ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿ ಹಂಚಿರಲಿಲ್ಲ, ಮಕ್ಕಳ ಸಂಖ್ಯೆಯೂ ಸಣ್ಣದು, ಅದೇ ಫಲಿತಾಂಶ ಬೇರೆಯವರ ಕೈಯಲ್ಲಿ ಅಷ್ಟು ಸಲೀಸಾಗಿ ಬರಲಿಲ್ಲ. ಬೇಗ ಶುರುಮಾಡಿದ ಸಹಾಯದಿಂದ ಮಾತು, ಸ್ವಂತ ಕೆಲಸ, ಶಾಲೆಯ ಹೊಂದಿಕೆ ಸುಧಾರಿಸುವುದನ್ನು ಮಾತ್ರ ನಾನು ದಿನಾ ನೋಡುತ್ತೇನೆ. ಎಷ್ಟು ಎಂಬುದು ಒಂದೊಂದು ಮಗುವಿಗೆ ಒಂದೊಂದು.

ಅಂದಹಾಗೆ, ಈ ಕ್ಷೇತ್ರಕ್ಕೆ ನಲವತ್ತರ ಮೇಲೆ ಏನೋ ಮೋಹ. ಲೋವಾಸ್ ಅವರ ವಾರಕ್ಕೆ ನಲವತ್ತು ಗಂಟೆ, ನಿಮ್ಮ ತರಬೇತಿಯ ನಲವತ್ತು ಗಂಟೆ, ನಮ್ಮ ದೇಶದಲ್ಲಿ ಆಟಿಸಂ ಅಳೆಯಲು ಬಳಸುವ ಐಎಸ್‌ಎಎ ಮಾಪನದಲ್ಲೂ ನಲವತ್ತು ಅಂಶಗಳು. ಮೂರಕ್ಕೂ ಪರಸ್ಪರ ಸಂಬಂಧವಿಲ್ಲ. ಮೂರೂವರೆ ವರ್ಷದ ಕೂಸಿಗೆ ವಾರಕ್ಕೆ ನಲವತ್ತು ಗಂಟೆ ಸೆಷನ್ ಬೇಕೇ ಬೇಕು ಎಂದು ಯಾರಾದರೂ ನಿಮ್ಮ ಅಕ್ಕನಿಗೆ ಹೇಳಿ ಹೆದರಿಸಿದರೆ ಎದ್ದು ಬರಲು ಹೇಳಿ.

ಅವನಿಗೆ ನೀವು ಥೆರಪಿಸ್ಟ್ ಆಗಬೇಡಿ. ಇದು ವೃತ್ತಿಯ ನಿಯಮವೂ ಹೌದು, ನನ್ನ ಅನುಭವವೂ ಹೌದು. ಚಿಕ್ಕಮ್ಮ ಕೈಯಲ್ಲಿ ಶೀಟು ಹಿಡಿದು ಕೂತರೆ ಮಗುವಿಗೆ ಒಬ್ಬ ಚಿಕ್ಕಮ್ಮ ಕಡಿಮೆಯಾಗುತ್ತಾಳೆ. ಸುಧಾರಣೆ ನಿಧಾನವಾದ ದಿನ ಅಕ್ಕತಂಗಿಯರ ನಡುವೆ ಮಾತು ಬೆಳೆಯುತ್ತದೆ. ನೀವು ಮಾಡಬಹುದಾದ್ದು ಬೇರೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದುಕೊಂಡು ಹೋಗಿ ಕಿವಿಯ ಪರೀಕ್ಷೆಯೂ ಸೇರಿ ಪೂರ್ಣ ತಪಾಸಣೆ ಮಾಡಿಸಿ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿ ವೆಚ್ಚಕ್ಕೂ ಅದರಲ್ಲಿ ಒಂದು ಪಾಲಿದೆ. ಈ ಕಾಗದಗಳ ಓಡಾಟವನ್ನು ಅಕ್ಕನ ತಲೆಯಿಂದ ನೀವು ಇಳಿಸಿಕೊಂಡರೆ ಅದೇ ದೊಡ್ಡ ಉಪಕಾರ.

ಇನ್ನೊಂದು ಮಾತು. ‘ಎರಡು ಭಾಷೆ ಕೇಳಿ ಮಗುವಿಗೆ ಗೊಂದಲ, ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷ್ ಒಂದೇ ಮಾತನಾಡಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ಬಹುಶಃ ಹೇಳಿಯೂ ಆಗಿದೆ. ಇದಕ್ಕೆ ಆಧಾರವಿಲ್ಲ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಆಟಿಸಂ ಮಕ್ಕಳ ಮಾತು ಅದರಿಂದ ಹಿಂದೆ ಬಿದ್ದದ್ದನ್ನು ಅಧ್ಯಯನಗಳು ಕಂಡಿಲ್ಲ. ಹಾಸನದ ಕಡೆಯ ಒಂದು ಹುಡುಗಿಗೆ ನಗರದ ಸೆಂಟರಿನಲ್ಲಿ ಆರು ತಿಂಗಳು ಕಷ್ಟಪಟ್ಟು ‘ಐ ವಾಂಟ್ ವಾಟರ್’ ಕಲಿಸಿದ್ದರು. ರಜೆಗೆ ಊರಿಗೆ ಹೋದಾಗ ಅವಳು ಅಜ್ಜನ ಮುಂದೆ ನಿಂತು ಅದನ್ನೇ ಹೇಳಿದಳು, ಮತ್ತೆ ಮತ್ತೆ ಹೇಳಿದಳು. ಅಜ್ಜ ‘ನಮ್ಮ ಪುಟ್ಟಿ ಇಂಗ್ಲಿಷ್ ಕಲಿತಿದ್ದಾಳೆ’ ಎಂದು ಹಿಗ್ಗಿ ಪಕ್ಕದ ಮನೆಯವರನ್ನು ಕರೆದರೇ ಹೊರತು ನೀರು ಕೊಡಲಿಲ್ಲ. ಅವಳು ನೆಲಕ್ಕೆ ಬಿದ್ದು ಅತ್ತಳು. ಕೇಳಿದ್ದು ಸಿಗದಿದ್ದರೆ ಮಾತಿಗೆ ಬೆಲೆಯೇನು? ನಾವು ‘ನೀರು’ ಎಂಬ ಎರಡಕ್ಷರವನ್ನು ಮೂರು ವಾರದಲ್ಲಿ ಕಲಿಸಿದೆವು, ಅಜ್ಜನೇ ಲೋಟ ಹಿಡಿದು ಕೂರುತ್ತಿದ್ದರು.

ಈ ಕಥೆಯನ್ನು ನಿಮ್ಮ ವೃತ್ತಿಯ ಪ್ರಶ್ನೆಗೂ ಹೇಳಿದೆ. ದಾವಣಗೆರೆಯ ಮನೆಯೊಳಗಿನ ಕನ್ನಡ ಬಲ್ಲ, ಅಜ್ಜಿಯ ಮಾತಿಗೆ ಕಿವಿಗೊಡುವ, ಅಂಗನವಾಡಿ ಕಾರ್ಯಕರ್ತೆಗೆ ಅರ್ಥವಾಗುವಂತೆ ಹೇಳಿಕೊಡಬಲ್ಲ ವಿಶ್ಲೇಷಕರು ನಮ್ಮಲ್ಲಿ ಬೆರಳೆಣಿಕೆಯಷ್ಟು ಇದ್ದಾರೆ. ತುಂಬಿ ತುಳುಕುತ್ತಿರುವುದು ಬೆಂಗಳೂರಿನಲ್ಲಿ ಇಂಗ್ಲಿಷ್ ಶೀಟು ತುಂಬುವವರು.

ಪ್ರಮಾಣಪತ್ರಗಳ ಸದ್ಯದ ಸ್ಥಿತಿ ನಿಮಗೆ ತಿಳಿದಿರಬೇಕು. ಜಗತ್ತಿನಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಬಿಎಸಿಬಿ (ಬಿಹೇವಿಯರ್ ಅನಲಿಸ್ಟ್ ಸರ್ಟಿಫಿಕೇಷನ್ ಬೋರ್ಡ್), 1998ರಲ್ಲಿ ಶುರುವಾದದ್ದು. ವಿಶ್ಲೇಷಕರಿಗೆ ಬಿಸಿಬಿಎ, ಟೆಕ್ನಿಷಿಯನ್‌ಗಳಿಗೆ ಆರ್‌ಬಿಟಿ ಎಂಬ ಪ್ರಮಾಣಪತ್ರ ಕೊಡುತ್ತದೆ. ಭಾರತದಲ್ಲಿ ವಾಸಿಸುವವರಿಂದ ಹೊಸ ಅರ್ಜಿಗಳನ್ನು ಅದು 2023ರ ಜನವರಿ 1ರಿಂದ ತೆಗೆದುಕೊಳ್ಳುತ್ತಿಲ್ಲ. ‘ನಲವತ್ತು ಗಂಟೆ ಮಾಡಿ, ಆರ್‌ಬಿಟಿ ಆಗಿ’ ಎಂದು ಇಲ್ಲಿ ಕೂತವರಿಗೆ ಮಾರುತ್ತಿದ್ದರೆ ಅದು ಮುಚ್ಚಿದ ಬಾಗಿಲಿಗೆ ಟಿಕೆಟ್ ಮಾರಿದಂತೆ. ಆ ಜಾಗದಲ್ಲಿ ಭಾರತದವರು ಈಗ ಹೆಚ್ಚಾಗಿ ಹೋಗುತ್ತಿರುವುದು ಐಬಿಎಒ ಮತ್ತು ಕ್ಯೂಎಬಿಎ ಎಂಬ ಎರಡು ಸಂಸ್ಥೆಗಳ ಕಡೆಗೆ. ಎರಡರಲ್ಲೂ ಟೆಕ್ನಿಷಿಯನ್ ಹಂತ ಬೇರೆ, ವಿಶ್ಲೇಷಕರ ಹಂತ ಬೇರೆ. ನಿಮ್ಮ ಸೆಂಟರಿನವರು ಹೇಳುತ್ತಿರುವುದು ಯಾವುದನ್ನು ಎಂದು ಲಿಖಿತವಾಗಿ ಕೇಳಿ.

ಇವು ಯಾವುವೂ ನಮ್ಮ ದೇಶದ ಪರವಾನಗಿಯಲ್ಲ. ಇಲ್ಲಿ 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್, ವಾಕ್ ಶ್ರವಣ ತಜ್ಞರು, ವಿಶೇಷ ಶಿಕ್ಷಕರು ಅದರ ನೋಂದಣಿ ಪುಸ್ತಕದಲ್ಲಿ ಬರುತ್ತಾರೆ, ವರ್ತನಾ ವಿಶ್ಲೇಷಕರಿಗೆ ಅಲ್ಲಿ ಸ್ವಂತ ಸಾಲಿಲ್ಲ. 2021ರ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ಮಾತ್ರ ‘ಬಿಹೇವಿಯರಲ್ ಅನಲಿಸ್ಟ್’ ಎಂಬ ಹೆಸರು ಮೊದಲ ಸಲ ಅಚ್ಚಾಗಿದೆ. ನಮ್ಮಂಥವರಿಗೆ ಅದು ಸಣ್ಣ ಸಂತೋಷವಲ್ಲ. ಆದರೆ ಕಾಯ್ದೆಯಲ್ಲಿ ಹೆಸರು ಬಂದದ್ದಕ್ಕೂ ಕೈಗೆ ನೋಂದಣಿ ಸಂಖ್ಯೆ ಸಿಗುವುದಕ್ಕೂ ನಡುವೆ ಪಠ್ಯಕ್ರಮ, ರಾಜ್ಯ ಪರಿಷತ್ತು, ನಿಯಮಾವಳಿ ಎಂದು ಬಹಳ ಮೆಟ್ಟಿಲುಗಳಿವೆ. ಅದನ್ನೇ ನಂಬಿ ಕೂರಬೇಡಿ.

ಆದ್ದರಿಂದ ನನ್ನ ಸಲಹೆ, ನನ್ನ ಬಳಿ ಬರುವ ಎಲ್ಲ ಹುಡುಗ ಹುಡುಗಿಯರಿಗೂ ಹೇಳುವಂಥದ್ದೇ: ಮೊದಲು ಈ ನೆಲದ ಕಾನೂನು ಗುರುತಿಸುವ ಒಂದು ಅರ್ಹತೆ ಸಂಪಾದಿಸಿ, ಅದರ ಮೇಲೆ ಎಬಿಎ ಕಟ್ಟಿ. ತಿರುಗುಮುರುಗಾಗಿ ಮಾಡಿದವರು ಮೂವತ್ತೈದರ ವಯಸ್ಸಿನಲ್ಲಿ ಗೋಡೆ ತುಂಬ ಚೌಕಟ್ಟು ಹಾಕಿದ ಪ್ರಮಾಣಪತ್ರ ಇಟ್ಟುಕೊಂಡು, ಒಂದು ವರದಿಗೆ ಸಹಿ ಹಾಕುವ ಅಧಿಕಾರವಿಲ್ಲದೆ ಕೂತಿರುವುದನ್ನು ನೋಡಿದ್ದೇನೆ.

ಇಲ್ಲಿ ನಿಮ್ಮ ತಂದೆಯ ಮಾತು ಅರ್ಧ ಸರಿ. ಬಿ.ಎಡ್. ಹೌದು, ಆದರೆ ಸಾಮಾನ್ಯ ಬಿ.ಎಡ್. ಅಲ್ಲ, ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ವಿಶೇಷ ಶಿಕ್ಷಣದ ಬಿ.ಎಡ್. ಅದರಲ್ಲಿ ಆಟಿಸಂ ವಿಷಯವಾಗಿರುವ ಕೋರ್ಸುಗಳೂ ಇವೆ. ಸುಪ್ರೀಂ ಕೋರ್ಟ್ 2021ರಲ್ಲಿ ವಿಶೇಷ ಶಿಕ್ಷಕರ ನೇಮಕದ ಬಗ್ಗೆ ಆದೇಶ ಕೊಟ್ಟ ಮೇಲೆ, 2022ರ ಕೇಂದ್ರದ ಅಧಿಸೂಚನೆ ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬ ಶಿಕ್ಷಕ, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬ ಎಂದು ಗೊತ್ತುಮಾಡಿತು. ರಾಜ್ಯಗಳು ಹುದ್ದೆ ತುಂಬುವ ವೇಗದ ಬಗ್ಗೆ ನಾನು ಹೇಳದಿರುವುದೇ ಒಳ್ಳೆಯದು, ಆದರೂ ದಾರಿ ತೆರೆದಿದೆ. ನಿಮ್ಮ ಎಂ.ಎಸ್ಸಿ. ವ್ಯರ್ಥವಾಗಬಾರದು ಎಂದಿದ್ದರೆ ಇನ್ನೊಂದು ದಾರಿ ಕ್ಲಿನಿಕಲ್ ಸೈಕಾಲಜಿ. ಆ ಕೋರ್ಸುಗಳ ಸ್ವರೂಪ ಈಚೆಗೆ ಬದಲಾಗುತ್ತಿದೆ. ಸೇರುವ ವರ್ಷ ಆ ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಿ, ಕಾಲೇಜಿನ ಕರಪತ್ರ ನಂಬಬೇಡಿ. ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಕಠಿಣ, ಎರಡು ವರ್ಷ ಸಂಪಾದನೆ ನಿಲ್ಲುತ್ತದೆ. ಆದರೆ ಮುಗಿಸಿದವರಿಗೆ ಆಸ್ಪತ್ರೆ, ಶಾಲೆ, ಸ್ವಂತ ಕ್ಲಿನಿಕ್ ಮೂರೂ ತೆರೆಯುತ್ತವೆ.

ಓದಿಗೆ ಮರಳಲು ಮನೆಯ ಸ್ಥಿತಿ ಬಿಡದಿದ್ದರೆ, ಕೆಲಸ ಮಾಡುತ್ತಲೇ ಐಬಿಎಒ ಅಥವಾ ಕ್ಯೂಎಬಿಎಯ ವಿಶ್ಲೇಷಕರ ಹಂತಕ್ಕೆ ಹೋಗಬಹುದು. ಅಲ್ಲಿ ಕಷ್ಟದ್ದು ಪರೀಕ್ಷೆಯಲ್ಲ, ಮೇಲ್ವಿಚಾರಕರು. ನಿಮ್ಮ ಸೆಷನ್ ಕೂತು ನೋಡಿ, ‘ಇದನ್ನು ಯಾಕೆ ಹೀಗೆ ಮಾಡಿದಿರಿ’ ಎಂದು ಕೇಳುವವರು ಬೇಕು. ತಿಂಗಳಿಗೊಮ್ಮೆ ವಿಡಿಯೊ ಕರೆಯಲ್ಲಿ ‘ಗುಡ್’ ಎಂದು ಗಂಟೆಗಳಿಗೆ ಸಹಿ ಹಾಕಿಕೊಡುವವರ ಬಳಿ ಸಾವಿರ ಗಂಟೆ ಕಳೆದರೂ ಸಿಗುವುದು ಸಹಿ ಮಾತ್ರ.

ಡಲ್ಲಾಸ್ ಬಗ್ಗೆ ಕೇಳಿದ್ದು ನಿಜ, ಬೇಡಿಕೆ ಇದೆ. ಕಾರಣ ಏನೆಂದರೆ 2019ರ ಹೊತ್ತಿಗೆ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಆಟಿಸಂ ಚಿಕಿತ್ಸೆಗೆ ಆರೋಗ್ಯ ವಿಮೆ ಹಣ ಕೊಡಬೇಕೆಂಬ ನಿಯಮ ಬಂತು. ಅಲ್ಲಿ ಥೆರಪಿಸ್ಟ್‌ಗೆ ಸಂಬಳ ಬರುವುದು ವಿಮೆ ಕಂಪನಿಯಿಂದ, ಇಲ್ಲಿ ತಂದೆಯ ಜೇಬಿನಿಂದ. ನಿಮ್ಮ 17 ಸಾವಿರದ ಗುಟ್ಟೂ ಅದೇ. ಶುಲ್ಕ ಏರಿಸಿದರೆ ಮಗು ಬರುವುದು ನಿಲ್ಲುತ್ತದೆ, ಏರಿಸದಿದ್ದರೆ ಥೆರಪಿಸ್ಟ್ ಹೊರಡುತ್ತಾರೆ. ಕೆಲವು ಕಡೆ ಶುಲ್ಕ ಏರಿಸಿಯೂ ಸಂಬಳ ಏರಿಸುವುದಿಲ್ಲ, ಅದು ಬೇರೆ ಮಾತು. ಬಿಸಿಬಿಎ ಆಗಲು ಅಲ್ಲಿನ ನಿಯಮದಂತೆ ಸ್ನಾತಕೋತ್ತರ ಪದವಿ, ಗೊತ್ತುಪಡಿಸಿದ ವಿಷಯಗಳ ಓದು, 2,000 ಗಂಟೆಯ ಮೇಲ್ವಿಚಾರಣೆಯ ಕೆಲಸ, ಅಥವಾ ಹೆಚ್ಚು ಬಿಗಿಯಾದ ಮೇಲ್ವಿಚಾರಣೆಯಲ್ಲಾದರೆ 1,500 ಗಂಟೆ, ಆಮೇಲೆ ಪರೀಕ್ಷೆ. ಡಲ್ಲಾಸ್ ಇರುವ ಟೆಕ್ಸಾಸ್‌ನಲ್ಲಿ ಇದರ ಮೇಲೆ ರಾಜ್ಯದ ಲೈಸೆನ್ಸ್ ಬೇರೆ ಬೇಕು. ಗಂಡನ ಜೊತೆ ಎಚ್-4 ವೀಸಾದಲ್ಲಿ ಹೋದವರೆಲ್ಲರಿಗೂ ಕೆಲಸದ ಅನುಮತಿ ಸಿಗುವುದಿಲ್ಲ. ಹುಡುಗನ ಗ್ರೀನ್ ಕಾರ್ಡಿನ ಕಾಗದ ಯಾವ ಹಂತದಲ್ಲಿದೆ ಎಂಬುದರ ಮೇಲೆ ಅದು ನಿಂತಿದೆ. ಮದುವೆಯ ಮಾತಿನಲ್ಲಿ ಚಿನ್ನ, ಛತ್ರ ಎಲ್ಲ ಕೇಳುತ್ತಾರೆ, ಇದನ್ನೊಂದು ನೀವೇ ಕೇಳಿಬಿಡಿ. ಇಲ್ಲಿನ ನಲವತ್ತು ಗಂಟೆಯ ಕಾಗದದಿಂದ ಅಲ್ಲಿ ಏನೂ ಆಗುವುದಿಲ್ಲ, ನಿಮ್ಮ ಎಂ.ಎಸ್ಸಿ. ಮತ್ತು ಕೈಯ ಅನುಭವದಿಂದ ಆಗುತ್ತದೆ.

ದೇಹದ ಮಾತೂ ಒಂದಿದೆ. ದಿನಕ್ಕೆ ಆರು ಸೆಷನ್ ಎಂದಿರಿ. ನಾನು ಹೊಸಬರಿಗೆ ನಾಲ್ಕಕ್ಕಿಂತ ಹೆಚ್ಚು ಕೊಡುವುದಿಲ್ಲ. ಆರನೆಯ ಮಗುವಿನ ಹೊತ್ತಿಗೆ ಕಚ್ಚಿಸಿಕೊಂಡ ಮುಂಗೈ, ಬಗ್ಗಿ ಬಗ್ಗಿ ನೋಯುವ ಸೊಂಟ, ಬತ್ತಿದ ತಾಳ್ಮೆ ಉಳಿದಿರುತ್ತವೆ. ಗದ್ದ ಹಿಡಿದು ತಿರುಗಿಸುವ ತಪ್ಪುಗಳು ಆಗುವುದು ಆ ಹೊತ್ತಿನಲ್ಲೇ, ಕೆಟ್ಟ ಮನಸ್ಸಿನಿಂದಲ್ಲ, ದಣಿವಿನಿಂದ. ಹದಿನಾಲ್ಕು ತಿಂಗಳು ಉಳಿದಿದ್ದೀರಿ ಎಂಬುದೇ ನಿಮ್ಮ ಬಗ್ಗೆ ಒಂದು ಮಾತು ಹೇಳುತ್ತದೆ. ಬಹಳ ಮಂದಿ ವರ್ಷ ತುಂಬುವುದರೊಳಗೆ ಬಿಡುತ್ತಾರೆ.

ಈ ವಾರ ನೀವು ಮಾಡಬೇಕಾದ್ದು ಇಷ್ಟು. ಸೆಂಟರಿನವರ ಬಳಿ ಕೂತು ಕೇಳಿ: ಈ ಮಕ್ಕಳ ಯೋಜನೆ ಬರೆಯುವವರು ಯಾರು, ಅವರ ಅರ್ಹತೆ ಏನು, ವಾರಕ್ಕೆ ಎಷ್ಟು ಹೊತ್ತು ನನ್ನ ಸೆಷನ್‌ನಲ್ಲಿ ಬಂದು ಕೂರುತ್ತಾರೆ? ಉತ್ತರ ನೇರವಾಗಿ ಬಂದರೆ ಅಲ್ಲೇ ಇರಿ, ಕಲಿಯುವುದಿದೆ. ತಡವರಿಸಿದರೆ ಬೇರೆ ಸೆಂಟರು ಹುಡುಕಿ. ಸಂಬಳ ಎರಡು ಸಾವಿರ ಕಡಿಮೆಯಾದರೂ ಒಳ್ಳೆಯ ಮೇಲ್ವಿಚಾರಕರು ಇರುವ ಕಡೆಗೆ ಹೋಗಿ. ಬೋರ್ಡಿನಲ್ಲಿ ಹೆಸರು ಬೇಡ ಎಂದು ಮಾತ್ರ ಎರಡೂ ಸಂದರ್ಭದಲ್ಲಿ ಹೇಳಿ.

ರಿಯಾಯಿತಿ ಈ ತಿಂಗಳ ಕೊನೆಯವರೆಗೆ ಮಾತ್ರ ಎಂದು ಬರೆದಿದ್ದಿರಿ. ನಾನು ಕಂಡಂತೆ ಅದು ಪ್ರತಿ ತಿಂಗಳ ಕೊನೆಯಲ್ಲೂ ಇರುತ್ತದೆ.